ಸಹಾಯ ಬೇಕು: ಸೀವ್ (ಸರ್ವರ್‌ನಲ್ಲೇ ಮೇಲ್ ವಿಂಗಡಿಸುವ) ರೂಲ್ ಸೇವ್ ಆಗುತ್ತೆ, ಆದ್ರೆ ಮೇಲ್ ಎಲ್ಲ ಇನ್‌ಬಾಕ್ಸಿಗೇ ಬೀಳುತ್ತೆ

ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಡೆಬಿಯನ್ 12 ಲಿನಕ್ಸ್, ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಬರಮಾಡಿಕೊಳ್ಳುವ ಪ್ರೋಗ್ರಾಂ), ಡವ್‌ಕಾಟ್ (ಬಂದ ಮೇಲನ್ನು ಫೋಲ್ಡರಿನಿಂದ ಓದಲು ಕೊಡುವ ಪ್ರೋಗ್ರಾಂ).

ಇಷ್ಟು ದಿನ ಫಿಲ್ಟರ್ ಇದ್ದದ್ದು ಆಫೀಸ್ ಕಂಪ್ಯೂಟರಿನ ಥಂಡರ್‌ಬರ್ಡ್ ಮೇಲ್ ಪ್ರೋಗ್ರಾಂನಲ್ಲಿ. ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ವಾ? ಕಂಪ್ಯೂಟರ್ ಆಫ್ ಆದ್ರೆ ಫಿಲ್ಟರೂ ಆಫ್. ತೋಟದಲ್ಲಿರುವ ಯಜಮಾನರ ಫೋನಿನಲ್ಲಿ ರೇಟ್ ಮೇಲ್, ಬಿಲ್, ಸ್ಪ್ಯಾಮ್ ಎಲ್ಲ ಒಂದೇ ರಾಶಿ. "ಬಿಲ್ ಎಲ್ಲಿ ಹೋಯ್ತು ಮಾರಾಯ?" ಅಂತ ಫೋನ್.

ಅದಕ್ಕೇ ಸರ್ವರ್‌ನಲ್ಲೇ ಸೀವ್ ಹಾಕೋಣ ಅಂತ ಹೊರಟೆ. ಡವ್‌ಕಾಟ್‌ನ ಸೀವ್, ಮ್ಯಾನೇಜ್‌ಸೀವ್ (ಹೊರಗಿನಿಂದ ರೂಲ್ ಹಾಕಲು ಬಿಡುವ ಭಾಗ) ಎರಡೂ ಪ್ಯಾಕೇಜ್ ಹಾಕಿದ್ದೇನೆ. ಅದರ 4190 ಪೋರ್ಟ್ ಓಪನ್ ಇದೆ. ಬ್ರೌಸರಿನಲ್ಲಿ ಮೇಲ್ ನೋಡುವ ರೌಂಡ್‌ಕ್ಯೂಬ್‌ನಿಂದ ರೂಲ್ ಸೇವ್ ಆಗುತ್ತೆ, ಕಂಪೈಲ್ ಮಾಡಿದರೆ ಒಂದು ತಪ್ಪೂ ತೋರಿಸಲ್ಲ. ಆದರೂ ರೂಲ್ ಓಡುವುದೇ ಇಲ್ಲ.

ನಿನ್ನೆ ಲಾಗ್ ನೋಡಿದೆ. ಪ್ರತಿ ಮೇಲ್ ಎದುರು 'ಪೋಸ್ಟ್‌ಫಿಕ್ಸ್/ವರ್ಚುವಲ್', ಕೊನೆಯಲ್ಲಿ 'ಡೆಲಿವರ್ಡ್ ಟು ಮೇಲ್‌ಡಿರ್' (ಮೇಲ್ ಫೋಲ್ಡರಿಗೆ ಹಾಕಿಯಾಯ್ತು). ಅಂದ್ರೆ ಪೋಸ್ಟ್‌ಫಿಕ್ಸೇ ನೇರವಾಗಿ ಫೋಲ್ಡರಿಗೆ ಹಾಕುತ್ತಿದೆ, ಡವ್‌ಕಾಟ್ ಕೈಗೆ ಕೊಡುತ್ತಲೇ ಇಲ್ಲ. ನನ್ನ ಅನುಮಾನ ಸರಿನಾ?

ಪೋಸ್ಟ್‌ಫಿಕ್ಸ್‌ನ ವರ್ಚುವಲ್ ಟ್ರಾನ್ಸ್‌ಪೋರ್ಟನ್ನು (ಮೇಲ್ ಯಾರ ಕೈಗೆ ಕೊಡಬೇಕು ಅನ್ನುವ ಸೆಟ್ಟಿಂಗ್) ಎಲ್‌ಎಂಟಿಪಿಗೆ (ಡವ್‌ಕಾಟ್‌ಗೆ ಮೇಲ್ ಒಪ್ಪಿಸುವ ವಿಧಾನ) ತಿರುಗಿಸಿ, ಡವ್‌ಕಾಟ್‌ನ ಎಲ್‌ಎಂಟಿಪಿ ಭಾಗದಲ್ಲಿ ಸೀವ್ ಪ್ಲಗಿನ್ ಸೇರಿಸಿದರೆ ಸಾಕಾ? ಇವೆರಡೂ ಮಾತಾಡಿಕೊಳ್ಳುವ ಸಾಕೆಟ್ ಫೈಲಿನ ಓನರ್ ಪೋಸ್ಟ್‌ಫಿಕ್ಸ್ ಇರಬೇಕು ಅಲ್ವಾ?

ಭಯ ಒಂದೇ. ಬದಲಾಯಿಸುವಾಗ ಡವ್‌ಕಾಟ್ 'ಇಂಥ ಯೂಸರ್ ಇಲ್ಲ' ಅಂದುಬಿಟ್ಟರೆ ಗಿರಾಕಿಗಳ ಮೇಲ್ ಬೌನ್ಸ್ ಆಗುತ್ತೆ, ಅಂದ್ರೆ ಅವರಿಗೇ ವಾಪಸ್ ಹೋಗುತ್ತೆ. ಪೋಸ್ಟ್‌ಫಿಕ್ಸ್‌ನ ಸಾಫ್ಟ್ ಬೌನ್ಸ್ ಸೆಟ್ಟಿಂಗ್ ಆನ್ ಮಾಡಿಟ್ಟರೆ ವಾಪಸ್ ಹೋಗದೆ ಕ್ಯೂನಲ್ಲೇ ನಿಲ್ಲುತ್ತೆ ಅಂದುಕೊಂಡಿದ್ದೇನೆ.

ಭಾನುವಾರ ರಾತ್ರಿ ಮಾಡುವ ಯೋಚನೆ ಇದೆ. ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ, ಕಾನ್ಫಿಗ್ ಬೇಕಾದರೆ ಹಾಕುತ್ತೇನೆ.