ಬಿ.ಇಡಿಯಲ್ಲಿ ಹಿಂದೆ ಬೀಳುವವರು ಇಂಟರ್ನ್‌ಶಿಪ್‌ಗೆ ಮುಂಚೆಯೇ ಗೊತ್ತಾಗೋದು ಹೇಗೆ?

ಕೇಳಿದವರು: ಬಿ.ಇಡಿ ಉಪನ್ಯಾಸಕಿ, ಕೊಪ್ಪಳ ಜಿಲ್ಲೆ

ಖಾಸಗಿ ಕಾಲೇಜೊಂದರಲ್ಲಿ ಗಣಿತ ಮೆಥಡ್, ಅಂದ್ರೆ ಗಣಿತ ಕಲಿಸೋ ವಿಧಾನದ ವಿಷಯ, ನನ್ನದು. ಮೊದಲ ವರ್ಷ ಎಲ್ಲರ ರೆಕಾರ್ಡ್ ಪುಸ್ತಕವೂ ಚೆಂದ, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದ ಪಾಠಯೋಜನೆ. ಇಂಟರ್ನಲ್ ಅಂಕದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಒಂದೆರಡರ ವ್ಯತ್ಯಾಸ. ಎರಡನೇ ವರ್ಷ ಇಂಟರ್ನ್‌ಶಿಪ್‌ಗೆ ಅಂತ ಶಾಲೆಗೆ ಕಳಿಸಿದ ಮೇಲೆ ಅಲ್ಲಿಂದ ಫೋನ್ ಶುರು: "ನಿಮ್ಮ ಹುಡುಗ ಬೋರ್ಡಿಗೇ ಪಾಠ ಮಾಡ್ತಾನೆ, ಮಕ್ಕಳ ಕಡೆ ತಿರುಗೋದೇ ಇಲ್ಲ." ಅಷ್ಟೊತ್ತಿಗೆ ಕಾಲೇಜಿನಲ್ಲಿ ಕೂರಿಸಿ ತಿದ್ದುವ ಅವಕಾಶ ಮುಗಿದಿರುತ್ತೆ. ಯಾರು ತಡವರಿಸ್ತಾರೆ ಅಂತ ನೀವೆಲ್ಲ ಮೊದಲೇ ಹೇಗೆ ಗುರುತಿಸ್ತೀರಿ? ಗುರುತಿಸಿದ ಮೇಲೆ ಏನು ಮಾಡ್ತೀರಿ? ಸಿಬ್ಬಂದಿ ಕಡಿಮೆ ಅನ್ನೋದನ್ನ ಮನಸ್ಸಲ್ಲಿಟ್ಟು ಹೇಳಿ.

ನಿವೃತ್ತ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕ, ಧಾರವಾಡ

ನೋಡ್ರಿ ಮೇಡಂ, ಇಂಟರ್ನಲ್ ಅಂಕದ ಮಾತು ಬಿಡ್ರಿ, ಅದರಿಂದ ಏನೂ ತಿಳಿಯೋದಿಲ್ಲ. ಹಾಜರಾತಿಯದೂ ಅದೇ ಕಥೆ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳು ತರಗತಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಕೇಳ್ತಾವ. ಕೂತಿದ್ದ ಅಂತ ಗೊತ್ತಾಗ್ತದ, ಕಲಿತ ಅಂತ ಗೊತ್ತಾಗೋದಿಲ್ಲ. ಬರೇ ಹಾಜರಿ ಪುಸ್ತಕದಾಗ ಇರೋ ಪ್ರಶಿಕ್ಷಣಾರ್ಥಿಗಳ ವಿಷಯ ಬೇರೆ, ಅದಕ್ಕೆ ಇಲ್ಲಿ ಯಾರೂ ಪರಿಹಾರ ಹೇಳಲಾರರು.

ನಾನು ನಂಬಿದ್ದು ಅಣುಬೋಧನೆಯನ್ನ, ಅಂದ್ರ ಸಹಪಾಠಿಗಳ ಮುಂದ ಪುಟ್ಟ ಪಾಠ ಮಾಡಿ ಒಂದೊಂದೇ ಬೋಧನಾ ಕೌಶಲ ರೂಢಿಸಿಕೊಳ್ಳೋದನ್ನ. ನಮ್ಮ ದೇಶದಾಗ ರೂಢಿಗೆ ಬಂದ ಚಕ್ರ 36 ನಿಮಿಷದ್ದು: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತ 6 ನಿಮಿಷ ಮರುಪಾಠ, 6 ನಿಮಿಷ ಮತ್ತೊಮ್ಮೆ ಹಿಮ್ಮಾಹಿತಿ. ಎಷ್ಟು ಕಾಲೇಜಿನಾಗ ಮರುಪಾಠ ನಡೀತದ ಹೇಳ್ರಿ? ಮೊದಲ ಆರು ನಿಮಿಷ ಮುಗಿದ ಕೂಡಲೇ ಸಹಿ ಹಾಕಿ ಮುಂದಿನವರನ್ನ ಕರೀತಾರ. ಮರುಪಾಠದ್ದೂ ರೆಕಾರ್ಡಿನಾಗ ಬರೆದು ತುಂಬಿಸ್ತಾರ. ನೀವು ಹುಡುಕೋ ಸುಳಿವು ಇರೋದು ಅಲ್ಲೇ. ಮೊದಲ ಪಾಠ ಕೆಟ್ಟಿದ್ದು, ಹೇಳಿದ ಮೇಲೆ ಎರಡನೇದ್ರಾಗ ಒಂದಾದರೂ ಬದಲಾಗಿದ್ರ, ಆ ಹುಡುಗನ ಚಿಂತಿ ಬ್ಯಾಡ. ಮೊದಲ ಸಲವೇ ಛಲೋ ಮಾಡಿ, ಎರಡನೇ ಸಲ ಅದನ್ನೇ ಚಾಚೂ ತಪ್ಪದೆ ಒಪ್ಪಿಸ್ತಾರಲ್ಲ, ಶಾಲೆಯೊಳಗ ಸಿಕ್ಕಿಬೀಳೋರು ಹೆಚ್ಚಾಗಿ ಅವರೇ. ಮಕ್ಕಳು ಅನಿರೀಕ್ಷಿತವಾಗಿ ಒಂದು ಉತ್ತರ ಕೊಟ್ಟರ ಸಾಕು, ಕಂಠಪಾಠ ಕೈಕೊಡ್ತದ, ಮುಖ ಬೋರ್ಡಿನ ಕಡೆ ತಿರುಗ್ತದ.

ನಾನು ಒಂದು ನೋಟ್‌ಬುಕ್ ಇಡ್ತಿದ್ದೆ. ಒಬ್ಬೊಬ್ಬರಿಗೂ ಒಂದು ಪುಟ, ಎರಡೇ ಕಲಂ: ಏನು ಹೇಳಿದೆ, ಮುಂದಿನ ಸಲ ಬದಲಾಯಿತೋ ಇಲ್ಲೋ. ಅಂಕ ಇಲ್ಲ. ಒಂದು ಪಾಠಕ್ಕೆ ಒಂದೇ ಮಾತು ಹೇಳಬೇಕು. ಹತ್ತು ದೋಷ ಪಟ್ಟಿ ಮಾಡಿ ಕೊಟ್ಟರ ಹುಡುಗರು ಕೈಬರಹ ಮಾತ್ರ ತಿದ್ದಿಕೊಂಡು ಬರ್ತಾರ.

ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ, ತುಮಕೂರು ಜಿಲ್ಲೆ

ಶಾಲೆ ಕಡೆಯಿಂದ ನಾಲ್ಕು ಮಾತು. ಪ್ರತಿ ವರ್ಷ ನಮ್ಮಲ್ಲಿಗೆ ಬಿ.ಇಡಿಯವರು ಬರ್ತಾರೆ. ಎರಡನೇ ವರ್ಷದಲ್ಲಿ 16 ವಾರ ಅಂದ್ರೆ ಕಾಲೇಜಿಗಿಂತ ಹೆಚ್ಚು ಹೊತ್ತು ಅವರನ್ನ ನೋಡೋರು ನಾವು. ಆದ್ರೆ ಕಾಲೇಜಿನ ಮೇಲ್ವಿಚಾರಕರು ಬಂದಾಗ ಎಚ್‌ಎಂ ಕೊಠಡಿಯಲ್ಲಿ ಚಹಾ ಕುಡಿದು, ಹಿಂದಿನ ಬೆಂಚಲ್ಲಿ ಐದು ನಿಮಿಷ ಕೂತು, ಪಾಠಯೋಜನೆಗೆ ರುಜು ಹಾಕಿ ಹೊರಟುಬಿಡ್ತಾರೆ. ಈ ಹುಡುಗಿಗೆ ಯಾವುದು ಕಷ್ಟ ಅಂತ ನಮಗೆ ಯಾರೂ ಹೇಳಿರಲ್ಲ. ಮೇಲಿನವರು ಹೇಳಿದ ಆ ನೋಟ್‌ಬುಕ್ಕಿನ ಪುಟದ ಒಂದು ಜೆರಾಕ್ಸ್ ನಮಗೆ ಕೊಟ್ರೆ ಸಾಕು, ನಾವೇ ಅಲ್ಲಿಂದ ಮುಂದುವರಿಸ್ತೀವಿ.

ನಮ್ಮ ಕಡೆಯ ತಪ್ಪೂ ಇದೆ ಅಂತ ಒಪ್ಕೊಳ್ಳಬೇಕು: ರಜೆ ಹಾಕಿದ ಮೇಷ್ಟ್ರ ಪೀರಿಯಡ್ಡಿಗೆಲ್ಲ ಇವರನ್ನೇ ತಳ್ಳೋ ಶಾಲೆಗಳಿವೆ. ಗಣಿತದ ಹುಡುಗ ಮೂರು ದಿನ ಹಿಂದಿ ತರಗತಿ ಕಾಯ್ದರೆ ಅವನ ಪ್ರಗತಿ ಏನು ಅಳೀತೀರಿ? ಮೊದಲ ವಾರವೇ ಎಚ್‌ಎಂ ಹತ್ರ ಅವರ ಟೈಮ್‌ಟೇಬಲ್ ಬರೆಸಿಕೊಳ್ಳಿ.

ಇನ್ನೊಂದು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದವಲ್ಲ, ಆಮೇಲೆ ಅಂಥ ವಿಭಾಗಗಳು ಹೆಚ್ಚಿವೆ. ಪ್ರಶಿಕ್ಷಣಾರ್ಥಿ ಎಸ್‌ಎಸ್‌ಎಲ್‌ಸಿವರೆಗೂ ಕನ್ನಡ ಮಾಧ್ಯಮ, ಬಿ.ಎಸ್ಸಿ ಇಂಗ್ಲಿಷಲ್ಲಿ. ಸೂತ್ರಗಳು ಇಂಗ್ಲಿಷಲ್ಲಿ ಬರುತ್ತೆ. "ಯಾಕೆ ಹೀಗಾಯ್ತು ಹೇಳು ನೋಡೋಣ" ಅನ್ನೋದು ಇಂಗ್ಲಿಷಲ್ಲಿ ಬರಲ್ಲ. ಬೋರ್ಡಿಗೆ ಮುಖ ಮಾಡೋದಕ್ಕೆ ಎಷ್ಟೋ ಸಲ ಇದೇ ಕಾರಣ. ಒಬ್ಬಳಿಗೆ ತರಗತಿಯಲ್ಲಿ ದಿನಾ ಬೇಕಾಗೋ ವಾಕ್ಯಗಳನ್ನ, ಅಂದ್ರೆ ಪ್ರಶ್ನೆ ಕೇಳೋದು, ಮತ್ತೆ ಯೋಚಿಸು ಅನ್ನೋದು, ಇನ್ನೊಬ್ಬರ ಉತ್ತರ ಒಪ್ತೀಯಾ ಅನ್ನೋದು, ಇಷ್ಟನ್ನೇ ಬರೆದು ಬಾಯಿಪಾಠ ಮಾಡೋಕೆ ಹೇಳಿದೆ. ಪಾಠ ಕನ್ನಡದಲ್ಲೇ ಯೋಚಿಸಿ ಬಾ ಅಂದೆ. ಗಣಿತ ಅವಳಿಗೆ ಚೆನ್ನಾಗೇ ಗೊತ್ತಿತ್ತು, ಮಾತು ಸಿಕ್ಕಮೇಲೆ ಮಕ್ಕಳ ಕಡೆ ತಿರುಗಿದಳು.

ಹೋದ ವರ್ಷ ಬಿ.ಇಡಿ ಮುಗಿಸಿದವನು, ಹಾವೇರಿ ಕಡೆ

ಸರ್, ಮೇಡಂ, ನಮ್ಮನ್ನೂ ಒಂದು ಮಾತು ಕೇಳಿ. ನಮ್ಮ ಬ್ಯಾಚಿನಲ್ಲಿ ಹಿಂದೆ ಬಿದ್ದವರಲ್ಲಿ ಅರ್ಧ ಜನಕ್ಕೆ ಪಾಠ ಮಾಡೋದು ಗೊತ್ತಿಲ್ಲ ಅಂತ ಅಲ್ಲ. ಇಂಟರ್ನ್‌ಶಿಪ್ ಶಾಲೆ ದೂರ, ಮೊದಲ ಬಸ್ಸು ಊರು ಬಿಡೋದೇ ಪ್ರಾರ್ಥನೆ ಹೊತ್ತಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಟಿಕೆಟ್ ಚಿಂತೆ ತಪ್ಪಿತು, ಬಸ್ಸಿನ ಸಮಯ ಮಾತ್ರ ಬದಲಾಗಲಿಲ್ಲ. ನಾನು ಸಂಜೆ ಮೆಡಿಕಲ್ ಶಾಪಲ್ಲಿ ಕೆಲಸ ಮಾಡ್ತಿದ್ದೆ, ಪಾಠಯೋಜನೆ ಸೀನಿಯರ್ ರೆಕಾರ್ಡ್ ನೋಡಿ ಬರೀತಿದ್ದೆ. ಯಾರಾದರೂ ಒಬ್ಬರು "ಎಷ್ಟು ಹೊತ್ತಿಗೆ ಮಲಗ್ತೀಯಪ್ಪ" ಅಂತ ಕೇಳಿದ್ದರೆ ಹೇಳ್ತಿದ್ದೆ. ಶಾಲೆ ಹಂಚೋ ಮುಂಚೆ ಯಾವ ಊರಿಂದ ಹೇಗೆ ಬರ್ತೀರಿ ಅಂತ ಒಂದು ಪಟ್ಟಿ ಮಾಡಿಕೊಳ್ಳಿ ಮೇಡಂ.

ಕೊನೇ ಸೆಮಿಸ್ಟರಲ್ಲಿ ಎಲ್ಲರ ತಲೆಯಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇರುತ್ತೆ ಅನ್ನೋದೂ ನೆನಪಿರಲಿ. 150ಕ್ಕೆ 90 ಬರದಿದ್ರೆ ಸಾಮಾನ್ಯ ವರ್ಗದವರಿಗೆ ಬಿ.ಇಡಿ ಇದ್ದೂ ಉಪಯೋಗ ಇಲ್ಲ ಅನ್ನೋ ಭಯ. ಸ್ಟಾಫ್ ರೂಮಲ್ಲಿ ಗೈಡ್ ಓದ್ತಾ ಕೂತ್ರೆ ಸೋಮಾರಿ ಅಂತ ಬರೀಬೇಡಿ.

ಬಿ.ಇಡಿ ಸಹಾಯಕ ಪ್ರಾಧ್ಯಾಪಕ, ದಕ್ಷಿಣ ಕನ್ನಡ

ಸಿಬ್ಬಂದಿ ಕಡಿಮೆ ಅಂದಿರಲ್ಲ, ಅದಕ್ಕೆ ನಮ್ಮಲ್ಲಿ ಮಾಡುವ ಒಂದು ಉಪಾಯ. ತರಗತಿಯಲ್ಲಿ ಯಾರ ಮಾತು ಎಷ್ಟು ಎಂದು ಗುರುತಿಸುವ ಫ್ಲಾಂಡರ್ಸ್ ವಿಧಾನ ಎಲ್ಲರೂ ಪರೀಕ್ಷೆಗೆ ಓದ್ತೇವೆ: ಹತ್ತು ವರ್ಗ, ಮೂರು ಮೂರು ಸೆಕೆಂಡಿಗೆ ಒಂದು ಗುರುತು. ಅಷ್ಟು ಮಾಡುವಾಗ ವೀಕ್ಷಕನಿಗೇ ತಲೆ ತಿರುಗುತ್ತದೆ. ನಾವು ಅದನ್ನು ಮೂರಕ್ಕೆ ಇಳಿಸಿದ್ದೇವೆ: ಶಿಕ್ಷಕರ ಮಾತು, ಮಕ್ಕಳ ಮಾತು, ಮೌನ. ಶಾಲೆಯ ಒಪ್ಪಿಗೆ ತೆಗೆದುಕೊಂಡು ಮೊಬೈಲಿನಲ್ಲಿ ಧ್ವನಿ ಮಾತ್ರ ದಾಖಲಿಸುವುದು. ಮಕ್ಕಳ ವಿಡಿಯೋ ಬೇಡವೇ ಬೇಡ. ರಾತ್ರಿ ಪ್ರಶಿಕ್ಷಣಾರ್ಥಿಯೇ ನಡುವಿನ ಐದು ನಿಮಿಷ ಕೇಳಿ ಗುರುತು ಹಾಕಿ, ವಾರಕ್ಕೊಮ್ಮೆ ಹಾಳೆ ನಮಗೆ ಕೊಡಬೇಕು.

ಇದರಲ್ಲಿ ನಾನು ನೋಡುವುದು ಮೌನದ ಗೆರೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ತೋರಿಸಿಕೊಟ್ಟು ದಶಕಗಳಾದವು. ಹೆದರಿದವರು ಕಾಯುವುದಿಲ್ಲ, ತಾವೇ ಉತ್ತರ ಹೇಳಿಬಿಡುತ್ತಾರೆ. ನಾವು ಬೈದು ಹೇಳುವುದಕ್ಕಿಂತ ಅವರ ಧ್ವನಿ ಅವರೇ ಕೇಳಿದಾಗ ಬೇಗ ತಿದ್ದಿಕೊಳ್ಳುತ್ತಾರೆ, ಮಾರಾಯ್ರೆ. ಹಾಳೆಗೆ ಅಂಕ ಮಾತ್ರ ಇಡಬೇಡಿ. ಅಂಕ ಇಟ್ಟ ದಿನವೇ ಎಲ್ಲರ ಮೌನವೂ ಸರಿಯಾಗಿ ಮೂರು ಸೆಕೆಂಡ್ ಆಗಿಬಿಡುತ್ತದೆ!

ಕೇಳಿದವರು

ಎಲ್ಲರಿಗೂ ಧನ್ಯವಾದ. ಧಾರವಾಡದ ಸರ್, ಮರುಪಾಠಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗ ಎಲ್ಲಿಂದ ತರಲಿ? ಐದು ಕೌಶಲ, ಐವತ್ತು ಜನ.

ನಿವೃತ್ತ ಡಯಟ್ ಉಪನ್ಯಾಸಕ, ಧಾರವಾಡ

ಐದಕ್ಕೂ ಪೂರ್ತಿ ಚಕ್ರ ಮಾಡಾಕ ಹೋಗಬ್ಯಾಡ್ರಿ. ಪ್ರಶ್ನಿಸುವ ಕೌಶಲ, ವಿವರಣಾ ಕೌಶಲ, ಈ ಎರಡಕ್ಕೆ ಮಾತ್ರ ಮರುಪಾಠ ಕಡ್ಡಾಯ ಮಾಡ್ರಿ. ಹತ್ತತ್ತು ಜನರ ಗುಂಪು ಮಾಡಿ, ಒಬ್ಬರು ಮರುಯೋಜನೆ ಮಾಡೋ 12 ನಿಮಿಷದಾಗ ಇನ್ನೊಬ್ಬರ ಪಾಠ, ಹಿಮ್ಮಾಹಿತಿ ಎರಡೂ ಮುಗೀತಾವ. ಹಿಮ್ಮಾಹಿತಿ ಸಹಪಾಠಿಗಳೇ ಕೊಡಲಿ, ನೀವು ಗುಂಪಿಂದ ಗುಂಪಿಗೆ ಓಡಾಡಿ ಮರುಪಾಠ ಅಷ್ಟೇ ನೋಡ್ರಿ. ಮೊದಲ ಪಾಠ ನಿಮಗ ತಪ್ಪಿದರೂ ನಡೀತದ, ಏನು ಹೇಳಿದ್ರು ಅಂತ ಆ ಗುಂಪಿನವರನ್ನ ಕೇಳಿದ್ರಾತು.