ಸಣ್ಣ ಶಾಲೆಗೆ ಚಿತ್ರಕಲಾ ಶಿಕ್ಷಕರನ್ನು ಕೇಳುವುದು ಹೇಗೆ?

ಪ್ರಶ್ನೆ (ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ)

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಏಳನೇ ತರಗತಿಯವರೆಗೆ 140 ಮಕ್ಕಳಿದ್ದಾರೆ. ಚಿತ್ರಕಲೆಗಾಗಲಿ ಸಂಗೀತಕ್ಕಾಗಲಿ ಶಿಕ್ಷಕರಿಲ್ಲ. ವೇಳಾಪಟ್ಟಿಯಲ್ಲಿ ಚಿತ್ರಕಲೆಯ ಅವಧಿ ಇದ್ದರೂ ಆ ಹೊತ್ತಿಗೆ ಉಳಿದುಹೋದ ಗಣಿತದ ಪಾಠ ನಡೆಯುತ್ತದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಕರನ್ನು ಕೊಡಲೇಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದಂತೆ. ಇದು ನಮಗೆ ಅನ್ವಯಿಸುತ್ತದೆಯೇ?

ಉತ್ತರ 1 (ನಿವೃತ್ತ ಚಿತ್ರಕಲಾ ಶಿಕ್ಷಕ)

2009ರ ಕಾಯ್ದೆಯ ಅನುಸೂಚಿಯಲ್ಲಿ ಆ ಮಾತು ಬರುವುದು 6ರಿಂದ 8ನೇ ತರಗತಿಗೆ ಸಂಬಂಧಿಸಿದ ಭಾಗದಲ್ಲಿ. ಅಲ್ಲಿ ದಾಖಲಾತಿ ನೂರನ್ನು ಮೀರಿದರೆ ಕಲೆ, ದೈಹಿಕ ಶಿಕ್ಷಣ ಮತ್ತು ಕಾರ್ಯಾನುಭವಕ್ಕೆ ಬೋಧಕರಿರಬೇಕು, ಅವರೂ ಅರೆಕಾಲಿಕ. ನಿಮ್ಮ 6 ಮತ್ತು 7ನೇ ತರಗತಿಗಳೆರಡೂ ಸೇರಿದರೂ ನೂರು ಮಕ್ಕಳಾಗಲಾರರು. ಹಳ್ಳಿಯ ಸಣ್ಣ ಶಾಲೆಗಳನ್ನು ಹೊರಗೇ ಉಳಿಸುವ ಈ ಲೆಕ್ಕ ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ. ಏಕೆಂದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯವಾಗಿರಬೇಕೆಂದು ಹೇಳುವಾಗ ಮಕ್ಕಳ ತಲೆ ಎಣಿಸಿರಲಿಲ್ಲ.

ನಾನು ಹನ್ನೆರಡು ಬಣ್ಣದ ಕ್ರೇಯಾನ್ ಕಡ್ಡಿಗಳನ್ನು ಎರಡೆರಡು ತುಂಡು ಮಾಡಿ ಹಂಚುತ್ತಿದ್ದೆ. ಹಸಿರು, ಕಪ್ಪು ಮೊದಲು ಸವೆಯುತ್ತಿದ್ದವು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ತನ್ನ ಮನೆಯ ಎಮ್ಮೆಯ ಕೊಂಬಿನ ತಿರುವನ್ನು ಒಂದೇ ಗೆರೆಯಲ್ಲಿ ಎಳೆದು ತೋರಿಸಿದ್ದು ಇಂದಿಗೂ ನೆನಪಿದೆ.

ಉತ್ತರ 2 (ಪ್ರೌಢಶಾಲಾ ಗಣಿತ ಶಿಕ್ಷಕಿ)

ಕಲೆಯ ಬಗ್ಗೆ ನನಗೂ ಗೌರವವಿದೆ. ಆದರೆ ಮುಖ್ಯ ವಿಷಯಗಳನ್ನೇ ಅತಿಥಿ ಶಿಕ್ಷಕರಿಂದ ನಡೆಸುತ್ತಿರುವ ಶಾಲೆಗಳಲ್ಲಿ ಇರುವ ಹಣ ಮೊದಲು ಅತ್ತ ಹೋಗಬೇಕಲ್ಲವೇ?

ಉತ್ತರ 3 (ಮಕ್ಕಳ ರಂಗಭೂಮಿಯಲ್ಲಿ ದುಡಿಯುವವರು)

ಮೇಡಂ, ಕೊರತೆ ನಿಜ. ಆದರೆ ಒಂದು ಕೊರತೆಯನ್ನು ತುಂಬಲು ಇನ್ನೊಂದನ್ನು ಕಾಯಂ ಮಾಡಿದರೆ ಕಲೆ ಪ್ರತಿಭಾ ಕಾರಂಜಿಗೆ ಆಯ್ಕೆಯಾದ ನಾಲ್ಕು ಮಕ್ಕಳ ಪಾಲಿಗಷ್ಟೇ ಉಳಿಯುತ್ತದೆ, ಅದೂ ಸ್ಪರ್ಧೆಗೆ ಹದಿನೈದು ದಿನ ಇರುವಾಗ. ಪ್ರತಿ ಶಾಲೆಗೂ ಒಬ್ಬರನ್ನು ಕೇಳುವ ಬದಲು ನಿಮ್ಮ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ನಾಲ್ಕೈದು ಶಾಲೆಗಳಿಗೆ ಒಬ್ಬರನ್ನು ಕೇಳಿ. ಅವರು ವಾರಕ್ಕೊಂದು ದಿನ ಬಂದರೂ ವರ್ಷವಿಡೀ ಬರುತ್ತಾರೆ.

ದಾರಿಯೂ ಇದೆ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕಾದುದು ಶಾಲಾ ಸಮಿತಿಯೇ, ಅನುದಾನಕ್ಕೆ ಆಧಾರವಾಗಬೇಕಾದುದೂ ಅದೇ ಯೋಜನೆ. ಕೇಂದ್ರ ಶೇ. 60, ರಾಜ್ಯ ಶೇ. 40 ಭರಿಸುವ ‘ಸಮಗ್ರ ಶಿಕ್ಷಣ’ ಎಂಬ ಶಾಲಾ ಶಿಕ್ಷಣ ಕಾರ್ಯಕ್ರಮದ ವಾರ್ಷಿಕ ಯೋಜನೆ ತಯಾರಾಗುವ ಮೊದಲೇ ನಿಮ್ಮ ಬೇಡಿಕೆ ಕಾಗದದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ತಲುಪಿರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮ ಯೋಜನೆಯ ಕಡತ ತೆಗೆದು ನೋಡಿದೆ. ಕಾಂಪೌಂಡ್, ಶೌಚಾಲಯ, ನೀರಿನ ಟ್ಯಾಂಕ್ ಎಲ್ಲ ಇವೆ. ಚಿತ್ರಕಲೆ ಎಂಬ ಪದವೇ ಇಲ್ಲ. ಕೇಳದಿದ್ದವರು ನಾವೇ. ಪಕ್ಕದ ಮೂರು ಶಾಲೆಗಳ ಅಧ್ಯಕ್ಷರೊಂದಿಗೆ ಮಾತನಾಡಿದ್ದೇನೆ, ಮುಂದಿನ ಸಭೆಯಲ್ಲಿ ನಾಲ್ಕೂ ಕಡೆ ಒಂದೇ ಠರಾವು ಬರೆಸುತ್ತೇವೆ.