ವೆಂಗುರ್ಲಾ ನೋಡಿ ಬಂದ ಮೇಲೆ ನಮ್ಮ ಓಣಿಯ ಕಸ ಕಣ್ಣಿಗೆ ಚುಚ್ಚುತ್ತಿದೆ, ಎಲ್ಲಿಂದ ಶುರು ಮಾಡಲಿ?

ಟೇಲರಕ್ಕ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಮಾಳಮಡ್ಡಿಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೋದ ತಿಂಗಳು ಅಕ್ಕನ ಮಗಳ ಕುಬಸಕ್ಕೆ ಮಹಾರಾಷ್ಟ್ರದ ಸಾವಂತವಾಡಿಗೆ ಹೋಗಿದ್ದೆವು. ಮಕ್ಕಳು ಸಮುದ್ರ ನೋಡಬೇಕು ಅಂತ ಹಟ ಹಿಡಿದರು, ಮರುದಿನ ವೆಂಗುರ್ಲಾಕ್ಕೆ ಹೋದೆವು. ಸುಮಾರು 12 ಸಾವಿರ ಜನರ ಊರು. ನಮ್ಮಲ್ಲಿ ಒಂದು ವಾರ್ಡಿನಲ್ಲೇ ಅಷ್ಟು ಜನ ಇರುತ್ತಾರೆ. ಅಲ್ಲಿ ಊರ ಕಸ ಸುರಿಯುತ್ತಿದ್ದ ಜಾಗವೇ ಈಗ ತೋಟ ಆಗಿದೆ! ಹಸಿ ಕಸದಿಂದ ಗ್ಯಾಸ್ ಮಾಡಿ ಕರೆಂಟ್ ತೆಗೆಯುತ್ತಾರೆ. ಪ್ಲಾಸ್ಟಿಕ್ ಚೂರು ಮಾಡಿ ರಸ್ತೆಯ ಡಾಂಬರಿಗೆ ಬೆರೆಸುತ್ತಾರೆ. ರಾಮದಾಸ ಕೋಕರೆ ಅನ್ನುವವರು ಅಲ್ಲಿ ಮುಖ್ಯಾಧಿಕಾರಿ ಆಗಿದ್ದಾಗ ಇದು ರೂಢಿಗೆ ಬಂತಂತೆ.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬೇರೆ. ಕಸ ಆರಿಸುತ್ತಿದ್ದ ಒಬ್ಬ ಹೆಣ್ಣುಮಗಳು ಹಾಲಿನ ಪಾಕೀಟೊಂದನ್ನು ಅಂಗೈಯಲ್ಲಿ ಹರಡಿ ತೋರಿಸಿದರು. "ಇದು ಕೈಗೆ ಸಿಗುತ್ತದೆ, ತೊಳೆದು ಮಾರಬಹುದು. ನೀವು ಕತ್ತರಿಸಿ ಬಿಸಾಕುವ ಮೂಲೆ ಇದೆಯಲ್ಲ, ಉಗುರಿನಷ್ಟು, ಅದು ಯಾರ ಕೈಗೂ ಸಿಗುವುದಿಲ್ಲ. ಗಟಾರ ಹಿಡಿದು ಸೀದಾ ಸಮುದ್ರಕ್ಕೆ ಹೋಗುತ್ತದೆ" ಅಂದರು ಮರಾಠಿಯಲ್ಲಿ. ದಿನವಿಡೀ ಕತ್ತರಿ ಹಿಡಿಯುವ ಕೈ ನನ್ನದು. 20 ವರ್ಷದಿಂದ ದಿನಕ್ಕೆ ಎರಡು ಮೂಲೆ ಕತ್ತರಿಸಿ ಬಿಸಾಕಿದ್ದೇನೆ. ಅವತ್ತಿನಿಂದ ಮೂಲೆ ಪೂರ್ತಿ ಕತ್ತರಿಸುವುದಿಲ್ಲ, ಸ್ವಲ್ಪ ಸೀಳಿ ಪಾಕೀಟಿಗೇ ಅಂಟಿಕೊಂಡಿರಲು ಬಿಡುತ್ತೇನೆ.

ಮನೆಗೆ ಬಂದು 8 ದಿನ ನಮ್ಮ ಕಸ ತೂಗಿದೆ. ಒಟ್ಟು 11 ಕಿಲೋ. ಅದರಲ್ಲಿ 7 ಕಿಲೋ ಕಾಯಿಪಲ್ಲೆ ಸಿಪ್ಪೆ, ಉಳಿದ ಅನ್ನ, ಚಹಾದ ಪುಡಿ. ಒಂದೂವರೆ ಕಿಲೋ ನನ್ನ ಹೊಲಿಗೆಯ ಚಿಂದಿ.

ಓಣಿಯಲ್ಲಿ 22 ಮನೆ ಇವೆ. ಕೊನೆಗೆ ಒಂದು ಖಾಲಿ ಪ್ಲಾಟು. ರಾತ್ರಿ ಯಾರೋ ಚೀಲ ಎಸೆಯುತ್ತಾರೆ, ಬೆಳಿಗ್ಗೆ ಹಂದಿ ಹರಿದು ಹಾಕುತ್ತವೆ. ಹಸಿ ಒಣ ಬೇರೆ ಮಾಡೋಣ ಅಂತ ಮನೆ ಮನೆಗೆ ಹೋಗಿ ಕೇಳಿದೆ. "ಗಾಡ್ಯಾಗ ಎಲ್ಲಾ ಕೂಡಿಸೇ ಒಯ್ತಾರ, ನಾವ್ ಬ್ಯಾರೆ ಮಾಡಿ ಏನ್ ಉಪಯೋಗ?" ಅಂದರು. ಒಬ್ಬರಂತೂ "ಅವರದು ಸಮುದ್ರದ ಊರು, ಅವರಿಗೆ ಬೇಕು. ನಮಗ್ಯಾಕ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ನಾನೊಬ್ಬಳೇ ಡ್ರಮ್ಮಿನಲ್ಲಿ ಗೊಬ್ಬರ ಮಾಡಲು ನೋಡಿದೆ. 10 ದಿನಕ್ಕೆ ಹುಳ, ವಾಸನೆ. ಅತ್ತೆ ಊಟ ಬಿಟ್ಟು ಎದ್ದರು. ಎಲ್ಲಿ ತಪ್ಪಿದೆ? ಚಿಂದಿ ಏನು ಮಾಡಲಿ? ಗೊತ್ತಿದ್ದವರು ಹೇಳಿ.

ತವರು ಕುಂದಾಪುರ, ಈಗ ಹುಬ್ಬಳ್ಳಿ

ಅಕ್ಕಾ, ಸಮುದ್ರ ನಮಗ್ಯಾಕೆ ಅಂದವರಿಗೆ ಶಾಲ್ಮಲೆ ಹೊಳೆಯ ಹೆಸರು ಹೇಳಿ. ನಿಮ್ಮ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರವೇ ಹುಟ್ಟುತ್ತದೆ ಅಲ್ವಾ? ಮುಂದೆ ಬೇಡ್ತಿಗೆ ಸೇರಿ, ಗಂಗಾವಳಿ ಅನ್ನಿಸಿಕೊಂಡು, ಗೋಕರ್ಣದ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಸಮುದ್ರಕ್ಕೆ ನೀರು ಕಳಿಸುವ ಊರು ನಿಮ್ಮದು. ಹಾಲಿನ ಪಾಕೀಟಿನ ಮೂಲೆಗೂ ಅದೇ ದಾರಿ.

ನಮ್ಮ ಕಡೆ ವಂಡ್ಸೆ ಗ್ರಾಮ ಪಂಚಾಯಿತಿಯಲ್ಲಿ ಕಸದ ಕೆಲಸ ಚೆನ್ನಾಗಿ ನಡೆದಿದೆ. ವೆಲ್ಲೂರಿನ ಶ್ರೀನಿವಾಸನ್ ಅವರು ಹೇಳಿಕೊಟ್ಟ ಕ್ರಮ ಅದು. ಹಸಿ ಕಸ ತಾಜಾ ಇರುವಾಗಲೇ ಮನೆಯಿಂದ ಎತ್ತಬೇಕು, ದನ ಕೋಳಿ ತಿನ್ನುವುದನ್ನು ಅವಕ್ಕೇ ಹಾಕಬೇಕು. ಕೊಳೆತ ಮೇಲೆ ಯಾರೂ ಮುಟ್ಟುವುದಿಲ್ಲ.

ಧಾರವಾಡದಲ್ಲಿ ಗೌಳಿಗರ ಎಮ್ಮೆಗಳಿಗೆ ಬರ ಇಲ್ಲ. ಹಿಂದೆ ಎಲ್ಲರ ಮನೆಯಲ್ಲೂ ಮುಸುರೆ ಬಕೆಟ್ ಇರುತ್ತಿತ್ತು. ಅದನ್ನು ಮತ್ತೆ ಇಡಿ. ಪಿನ್ನು, ರಬ್ಬರ್ ಬ್ಯಾಂಡು, ಗಾಜು ಒಂದೂ ಬೀಳಬಾರದು. ಎಮ್ಮೆ ಆರಿಸಿ ತಿನ್ನುವುದಿಲ್ಲ.

ಹಾವೇರಿಯ ತೋಟದ ಮನೆ

ಮೇಡಂ, ನಿಮ್ಮ ಡ್ರಮ್ಮಿಗೆ ತೂತು ಇರಲಿಲ್ಲ ಅನ್ನಿಸುತ್ತೆ. ಗಾಳಿ ಆಡದಿದ್ದರೆ, ಕೆಳಗೆ ನೀರು ನಿಂತರೆ ಕೊಳೆಯುತ್ತದೆ. ಗಾಳಿ ಸಿಕ್ಕರೆ ಮಾಗುತ್ತದೆ. ಎರಡೂ ಬೇರೆ ಬೇರೆ.

ಕೇರಳದ ಆಲಪ್ಪುಳವೂ ಸಮುದ್ರದ ಊರೇ. ಅಲ್ಲಿನ ಕಸವನ್ನು ಪಕ್ಕದ ಸರ್ವೋದಯಪುರಂಗೆ ಸುರಿಯುತ್ತಿದ್ದರು. 2012ರಲ್ಲಿ ಆ ಹಳ್ಳಿಯ ಜನ ಲಾರಿಗಳನ್ನು ತಡೆದರು. ಆಮೇಲೆ ಪಟ್ಟಣದವರು ತಮ್ಮ ಕಸವನ್ನು ತಮ್ಮ ಬೀದಿಯಲ್ಲೇ ಗೊಬ್ಬರ ಮಾಡುವುದು ಕಲಿತರು. ತುಂಬೂರ್ಮುಳಿ ತೊಟ್ಟಿ ಅಂತ ಹೆಸರು. ಅದೇ ಹೆಸರಿನ ಊರಿನ ಜಾನುವಾರು ಕೇಂದ್ರದಲ್ಲಿ ರೂಪಿಸಿದ್ದು.

ಉದ್ದ, ಅಗಲ, ಎತ್ತರ ಎಲ್ಲ 4 ಅಡಿ. ನಾಲ್ಕೂ ಕಡೆ ಗಾಳಿಯಾಡುವ ಸಂದು ಬೇಕು. ನಾನು ಇಟ್ಟಿಗೆಯ ನಡುವೆ ಸಂದು ಬಿಟ್ಟು ಕಟ್ಟಿದ್ದೇನೆ, ಜಾಲಿಯೂ ಆದೀತು. ತಳಕ್ಕೆ 6 ಇಂಚು ಹಸಿ ಸಗಣಿ. ಅದರ ಮೇಲೆ 6 ಇಂಚು ಒಣ ಎಲೆ. ಆಮೇಲೆ 6 ಇಂಚು ಅಡುಗೆಮನೆ ಕಸ. ಮತ್ತೆ ಸಗಣಿ, ಎಲೆ, ಕಸ. ತುಂಬಿದ ಮೇಲೆ 90 ದಿನ ಮುಟ್ಟಬೇಡಿ, ತಿರುವಿ ಹಾಕುವುದೂ ಬೇಡ. ನಾಲ್ಕನೇ ದಿನ ಕೈ ಇಟ್ಟರೆ ಬಿಸಿ ಹಬೆ ತಾಗುತ್ತದೆ. ಆ ಬಿಸಿಗೆ ನೊಣದ ಮೊಟ್ಟೆ ಸಾಯುತ್ತದೆ. ಸಾರು, ಮಜ್ಜಿಗೆ ಸುರಿಯಬೇಡಿ. ಎಲೆ ಕಡಿಮೆ ಬಿದ್ದರೆ ಮಾತ್ರ ವಾಸನೆ.

ಗಾಡಿಯ ಮಾತಿಗೂ ಇದೇ ಉತ್ತರ. ಹಸಿ ಕಸ ಓಣಿಯಲ್ಲೇ ಉಳಿದರೆ ಗಾಡಿಯವರು ಕೂಡಿಸುವುದಕ್ಕೆ ಏನಿದೆ?

ಗದಗಿನ ಮೋಡಕಾ ಅಂಗಡಿ

ಅಕ್ಕಾರೆ, ಚಿಂದಿಯಲ್ಲಿ ಕಾಟನ್ ಬೇರೆ, ಪಾಲಿಸ್ಟರ್ ಬೇರೆ ಮಾಡಿ ಇಡಿ. ಅಂಗೈಗಿಂತ ದೊಡ್ಡ ಕಾಟನ್ ತುಂಡು ಗ್ಯಾರೇಜಿನವರು ತಗೊಳ್ತಾರೆ, ಆಯಿಲ್ ಒರೆಸಲು. ಪಾಲಿಸ್ಟರ್ ಅವರಿಗೆ ಬೇಡ, ಅದನ್ನು ಕೌದಿ ಹೊಲಿಯುವ ಅಜ್ಜಿಯರಿಗೆ ಕೊಡಿ, ಒಳಗೆ ತುಂಬುತ್ತಾರೆ.

ಹಾಲಿನ ಪಾಕೀಟು ತೊಳೆದು ಒಣಗಿಸಿದ್ದರೆ ನನಗೆ ಬೇಕು. ಹಾಲು ಹುಳಿ ಹಿಡಿದದ್ದು ಬೇಡ. ಎಲ್ಲ ಒಂದೇ ಚೀಲದಲ್ಲಿ ಹಸಿಯಾಗಿ ಬಂದರೆ ರದ್ದಿ ಪೇಪರೂ ಹಾಳಾಗುತ್ತದೆ. ಅವತ್ತು ಆರಿಸಿದ ಹುಡುಗರ ಕೂಲಿಯೂ ಹುಟ್ಟುವುದಿಲ್ಲ.

ಟೇಲರಕ್ಕ, ಧಾರವಾಡ

ಎಲ್ಲರಿಗೂ ಕೈ ಮುಗಿದೆ. ಶಾಲ್ಮಲೆಯ ಮಾತು ನಿನ್ನೆ ಸಂಜೆ ಕಟ್ಟೆಯ ಮೇಲೆ ಹೇಳಿದೆ. "ನಮಗ್ಯಾಕ" ಅಂದವರೇ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಅಜ್ಜ ಪ್ರತಿ ಶ್ರಾವಣ ಸೋಮವಾರ ಆ ಗುಡಿಗೆ ನಡೆದು ಹೋಗುತ್ತಿದ್ದರು ಅಂದರು. ಮುಸುರೆ ಬಕೆಟ್ಟಿಗೆ 6 ಮನೆ ಒಪ್ಪಿವೆ. ಎಮ್ಮೆಯವರು ಬೆಳಿಗ್ಗೆ ಹಾಲು ಹಾಕಲು ಬಂದಾಗ ಒಯ್ಯುತ್ತಾರಂತೆ. ಸಗಣಿ ಕೊಡಲೂ ಒಪ್ಪಿದ್ದಾರೆ.

ಖಾಲಿ ಪ್ಲಾಟಿನ ಮಾಲೀಕರಿಗೆ ಫೋನ್ ಮಾಡಿದ್ದೇನೆ, ಮೂಲೆಯಲ್ಲಿ ಜಾಗ ಕೊಡುತ್ತಾರೆ. ಹಾವೇರಿಯವರೇ, ನಮಗೆ ಒಂದು ತೊಟ್ಟಿ ಸಾಕಾ?

ಹಾವೇರಿಯ ತೋಟದ ಮನೆ

ಎರಡು ಮಾಡಿ ಮೇಡಂ. ಒಂದು ತುಂಬಿ ಮಾಗುವಾಗ ಇನ್ನೊಂದಕ್ಕೆ ಹಾಕಬೇಕಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ತಗಡು ಹಾಕಿಸಿ. ಒಣ ಎಲೆ ಈಗಲೇ ಚೀಲ ತುಂಬಿ ಇಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ.